ಒಮ್ಮತವಾಯಿತೆಂದು ಹೇಳುವುದು ಯಾವಾಗ?

ಹತ್ತು ಜನ ಕೂಡಿದಲ್ಲಿ ಹತ್ತು ಮಾತು ಹುಟ್ಟುವುದು ಲೋಕಸ್ವಭಾವ. ಆ ಹತ್ತು ಮಾತುಗಳು ಕಲೆತು ಒಂದಾದುವೆಂದು ಯಾರು ಹೇಳಬೇಕು, ಯಾವಾಗ ಹೇಳಬೇಕು, ಯಾವ ಆಧಾರದ ಮೇಲೆ ಹೇಳಬೇಕು ಎಂಬುದು ಮಾತ್ರ ಅಷ್ಟು ಸುಲಭವಾಗಿ ಬಗೆಹರಿಯುವ ಪ್ರಶ್ನೆಯಲ್ಲ. ಹಿಂದೆ ಊರ ಕಟ್ಟೆಯ ಮೇಲೆ ಕುಳಿತ ಹಿರಿಯರು ಎದುರಿಗಿದ್ದವರ ಮುಖ ನೋಡಿ ಮನಸ್ಸನ್ನು ಅಳೆಯುತ್ತಿದ್ದರು. ಈಗಲಾದರೋ ಒಂದೇ ಕೆಲಸಕ್ಕೆ ಕೈಹಾಕಿದ ಜನ ಬೇರೆ ಬೇರೆ ಊರುಗಳಲ್ಲಿ, ಎಷ್ಟೋ ವೇಳೆ ಬೇರೆ ಬೇರೆ ಖಂಡಗಳಲ್ಲಿ ಇದ್ದುಕೊಂಡು, ಒಬ್ಬರ ಮುಖವನ್ನು ಇನ್ನೊಬ್ಬರು ಕಾಣದೆ, ಅಂತರಜಾಲದ ಮೂಲಕವೇ ಮಾತನಾಡಿ ನಿಯಮಗಳನ್ನು ಮಾಡುತ್ತಾರೆ. ಇದ್ದ ನಿಯಮಗಳನ್ನು ತಿದ್ದುತ್ತಾರೆ. ಮುಖ ಕಾಣದ ಈ ಸಭೆಯಲ್ಲಿ ಒಮ್ಮತವನ್ನು ಗುರುತಿಸುವ ಬಗೆ ಯಾವುದು? ನಮ್ಮ ತರುಣ ವಾಚಕರಲ್ಲಿ ಪ್ರತಿಯೊಬ್ಬರೂ ಇಂತಹ ಒಂದಲ್ಲ ಒಂದು ಗುಂಪಿನಲ್ಲಿ ಇದ್ದೇ ಇರುವುದರಿಂದ ಈ ಪ್ರಶ್ನೆಯನ್ನು ತುಸು ಸಾವಧಾನವಾಗಿ ವಿಚಾರಮಾಡುವುದು ಯುಕ್ತವೆಂದು ನಮಗೆ ತೋರುತ್ತದೆ.

ಮೊದಲು ನಮ್ಮದೇ ತಪ್ಪೊಂದನ್ನು ಒಪ್ಪಿಕೊಂಡು ಮುಂದುವರಿಯುತ್ತೇವೆ. ನಾವು ಪಾಠ ಹೇಳುವ ಕಾಲೇಜಿನಲ್ಲಿ ವಿದ್ಯಾರ್ಥಿಗಳ ವಿಜ್ಞಾನ ಸಂಘವೊಂದಿದೆ. ಅದರ ಮಾತುಕತೆಯೆಲ್ಲ ಮೊಬೈಲ್ ಫೋನಿನ ಗುಂಪಿನಲ್ಲಿ ನಡೆಯುತ್ತದೆ. ಬುಧವಾರ ಮಧ್ಯಾಹ್ನ ಸೇರುತ್ತಿದ್ದ ಸಂಘವನ್ನು ಶನಿವಾರ ಸಂಜೆ 5 ಗಂಟೆಗೆ ಸೇರಿಸಬೇಕೆಂದು ಒಂದು ದಿನ ಸೂಚನೆ ಬಂದಿತು. ಒಂದೂವರೆ ಗಂಟೆಯೊಳಗಾಗಿ ನಲವತ್ತು ಮಂದಿ ಹೆಬ್ಬೆರಳಿನ ಗುರುತು ಹಾಕಿದರು, ಮೂವರು ಬೇಡವೆಂದರು, ಉಳಿದ ಇಪ್ಪತ್ತು ಮಂದಿ ಏನನ್ನೂ ಹೇಳಲಿಲ್ಲ. ಸಂಘದ ಸಲಹೆಗಾರರಾದ ನಾವು 'ಎಲ್ಲರೂ ಒಪ್ಪಿರುವುದರಿಂದ ಇನ್ನು ಮುಂದೆ ಶನಿವಾರ' ಎಂದು ಬರೆದು ಕೈತೊಳೆದುಕೊಂಡೆವು. ಎರಡು ತಿಂಗಳಾದ ಮೇಲೆ ನಮ್ಮ ಕಣ್ಣು ತೆರೆಯಿತು. ದೂರದ ಹಳ್ಳಿಗಳಿಂದ ಬಸ್ಸಿನಲ್ಲಿ ಬರುವವರು ಒಬ್ಬರಾಗಿ ಒಬ್ಬರು ಸಂಘಕ್ಕೆ ಬರುವುದನ್ನೇ ಬಿಟ್ಟಿದ್ದರು. ಅವರಲ್ಲಿ ಒಬ್ಬಳು, ಸಂಘದ ದೂರದರ್ಶಕಕ್ಕೆ ತನ್ನ ಕೈಯಾರೆ ಕನ್ನಡಿ ಉಜ್ಜಿದ್ದ ಹುಡುಗಿ. ಏಕೆ ಬರುತ್ತಿಲ್ಲವೆಂದು ಕೇಳಿದಾಗ ಆಕೆ ಹೇಳಿದ್ದು ಇಷ್ಟೆ: "ಸಾರ್, ನಮ್ಮೂರಿಗೆ ಕಡೇ ಬಸ್ಸು ಐದೂವರೆಗೆ. ಫೋನು ಅಣ್ಣನದು, ಅವನು ಮನೆಗೆ ಬಂದ ಮೇಲೆ ರಾತ್ರಿ ನೋಡಿದೆ. ಅಷ್ಟು ಹೊತ್ತಿಗೆ ಎಲ್ಲರೂ ಒಪ್ಪಿದ್ದಾರೆ ಅಂತ ನೀವೇ ಬರೆದಿದ್ದಿರಿ. ಆಮೇಲೆ ನಾನೊಬ್ಬಳು ಏನು ಹೇಳೋದು?"

ಮೌನಂ ಸಮ್ಮತಿಲಕ್ಷಣಂ ಎಂದು ನಾವು ಬಾಯಿಪಾಠವಾಗಿ ಹೇಳುತ್ತೇವೆ. ಎದುರಿಗೆ ಕುಳಿತವನ ಮೌನಕ್ಕೆ ಆ ಮಾತು ಒಪ್ಪೀತು. ಸುದ್ದಿಯೇ ಮುಟ್ಟದವನ ಮೌನಕ್ಕೆ, ಹೇಳಲು ಅಂಜಿದವನ ಮೌನಕ್ಕೆ, ಹೇಳಿ ಪ್ರಯೋಜನವಿಲ್ಲವೆಂದು ಸುಮ್ಮನಾದವನ ಮೌನಕ್ಕೆ ಅದು ಸಲ್ಲದು. ಈ ಮೂರು ಮೌನಗಳನ್ನೂ ನಾವು ಒಪ್ಪಿಗೆಯ ಲೆಕ್ಕಕ್ಕೆ ಬರೆದುಕೊಂಡಿದ್ದೆವು. ತಕ್ಕಡಿಯಲ್ಲಿ ತೂಗದ ವಸ್ತುವಿಗೆ ತೂಕವಿಲ್ಲವೆಂದು ಹೇಳಿದಷ್ಟೇ ಅವೈಜ್ಞಾನಿಕವಾದ ಕೆಲಸವದು.

ಮುಂದೆ ಹೋಗುವ ಮೊದಲು ಒಂದು ಭೇದವನ್ನು ಸ್ಪಷ್ಟಪಡಿಸಬೇಕು. ನಿಸರ್ಗದ ಸಂಗತಿಗಳು ನಮ್ಮ ಒಪ್ಪಿಗೆಯನ್ನು ಕಾಯುವುದಿಲ್ಲ. ಲೋಕವೆಲ್ಲ ಕೂಡಿ ಕೈಯೆತ್ತಿದರೂ ಬೆಳಕಿನ ವೇಗ ಒಂದು ಎಳೆಯಷ್ಟೂ ಹೆಚ್ಚುವುದಿಲ್ಲ. ಆದರೆ ಯಾವ ಅಳತೆಗೆ ಯಾವ ಹೆಸರು, ಯಾವ ಕಾಯವನ್ನು ಗ್ರಹವೆಂದು ಕರೆಯುವುದು, ಒಂದು ಯಂತ್ರ ಇನ್ನೊಂದು ಯಂತ್ರದೊಡನೆ ಯಾವ ಸಂಕೇತದಲ್ಲಿ ಮಾತನಾಡುವುದು, ಸಂಘ ಯಾವ ದಿನ ಸೇರುವುದು ಇವೆಲ್ಲ ಮಾನವರ ಏರ್ಪಾಡುಗಳು. ಇವನ್ನು ಬದಲಾಯಿಸಲು ಜನರ ಒಪ್ಪಿಗೆ ಬೇಕು. ನಾವು ಇಲ್ಲಿ ಮಾತನಾಡುತ್ತಿರುವುದು ಈ ಎರಡನೆಯ ಬಗೆಯ ವಿಷಯಗಳನ್ನು ಕುರಿತು.

ಇಂತಹ ಏರ್ಪಾಡುಗಳಲ್ಲಿ ಅತ್ಯಂತ ದೊಡ್ಡದು ಅಂತರಜಾಲವೇ. ಮೈಸೂರಿನ ಒಂದು ಗಣಕಯಂತ್ರದಿಂದ ಹೊರಟ ಪತ್ರ ಬರ್ಲಿನಿನ ಯಂತ್ರಕ್ಕೆ ಅರ್ಥವಾಗಬೇಕಾದರೆ ಎರಡೂ ಕಡೆ ಒಂದೇ ಕಟ್ಟುಪಾಡು ಇರಬೇಕು. ಈ ಕಟ್ಟುಪಾಡುಗಳಲ್ಲಿ ಬಹುಪಾಲನ್ನು ರೂಪಿಸುವುದು ಇಂಟರ್‌ನೆಟ್ ಎಂಜಿನಿಯರಿಂಗ್ ಟಾಸ್ಕ್ ಫೋರ್ಸ್ ಎಂಬ ಕೂಟ, ಸಂಕ್ಷೇಪವಾಗಿ ಐಇಟಿಎಫ್. 1986ರ ಜನವರಿಯಲ್ಲಿ ಮೊದಲ ಬಾರಿಗೆ ಸೇರಿದ ಈ ಕೂಟಕ್ಕೆ ಸದಸ್ಯತ್ವವೆಂಬುದೇ ಇಲ್ಲ. ವಿಷಯ ಬಲ್ಲ ಯಾರು ಬೇಕಾದರೂ ಬಂದು ಕೆಲಸಮಾಡಬಹುದು. ಚರ್ಚೆ ಹೆಚ್ಚಾಗಿ ನಡೆಯುವುದು ವಿದ್ಯುನ್ಮಾನ ಪತ್ರಗಳಲ್ಲಿ. ವರ್ಷಕ್ಕೆ ಮೂರು ಬಾರಿ ಸಭೆ. ಸೋಜಿಗದ ಮಾತೆಂದರೆ ಇಷ್ಟು ದೊಡ್ಡ ಕೆಲಸ ಮಾಡುವ ಈ ಕೂಟದ ಕಾರ್ಯತಂಡಗಳು ಮತ ಹಾಕಿ ಪ್ರಶ್ನೆಗಳನ್ನು ತೀರ್ಮಾನಿಸುವುದಿಲ್ಲ. ಅರಸರೂ ಬೇಡ, ಅಧ್ಯಕ್ಷರೂ ಬೇಡ, ಮತದಾನವೂ ಬೇಡ, ಸ್ಥೂಲವಾದ ಒಮ್ಮತ ಮತ್ತು ಓಡಿಸಿ ತೋರಿಸಿದ ಕ್ರಮವಿಧಿ ಇವೆರಡೇ ಸಾಕೆಂಬ ಅರ್ಥದ ಮಾತನ್ನು ಡೇವಿಡ್ ಕ್ಲಾರ್ಕ್ ಎಂಬ ವಿಜ್ಞಾನಿ 1992ರಲ್ಲಿ ಈ ಕೂಟದ ಮುಂದೆ ಆಡಿದರು. ಅದೇ ಇಂದಿಗೂ ಆ ಕೂಟದ ಧ್ಯೇಯವಾಕ್ಯದಂತಿದೆ.

ಮತದಾನವನ್ನು ಅವರು ಬಿಟ್ಟಿದ್ದೇಕೆ? ಕಾರಣ ಗಣಿತದಷ್ಟು ಸರಳವಾದದ್ದು. ನೂರಕ್ಕೆ ಇಷ್ಟು ಎಂದು ಹೇಳಬೇಕಾದರೆ ಆ ನೂರು ಯಾವುದೆಂದು ಮೊದಲು ತಿಳಿದಿರಬೇಕು. ಸದಸ್ಯರ ಪಟ್ಟಿಯೇ ಇಲ್ಲದ, ಯಾರು ಬೇಕಾದರೂ ಬಂದು ಹೋಗಬಹುದಾದ ಸಮುದಾಯದಲ್ಲಿ ಭಿನ್ನರಾಶಿಯ ಛೇದವೇ ಇಲ್ಲ. ಛೇದವಿಲ್ಲದ ಭಿನ್ನರಾಶಿಗೆ ಬೆಲೆ ಎಲ್ಲಿಂದ ಬರಬೇಕು? ಅದೂ ಅಲ್ಲದೆ ಶ್ರೀಮಂತ ಕಂಪನಿಯೊಂದು ತನ್ನ ಇನ್ನೂರು ನೌಕರರನ್ನು ಸಭೆಗೆ ಕಳುಹಿಸಿ ಗೆಲ್ಲಬಹುದಾದರೆ, ಆ ಗೆಲುವು ಹಣದ್ದೇ ಹೊರತು ವಿಚಾರದ್ದಲ್ಲ.

ಹಾಗಾದರೆ ಅವರು ಮಾಡುವುದೇನು? ಹೂಂಗುಟ್ಟುತ್ತಾರೆ! ಅಜ್ಜಿ ಕಥೆ ಹೇಳುವಾಗ ಮೊಮ್ಮಕ್ಕಳು ಹೂಂಗುಟ್ಟುವಂತೆ, ಸಭೆಯ ಅಧ್ಯಕ್ಷನು ಪ್ರಶ್ನೆಯನ್ನು ಮುಂದಿಟ್ಟು 'ಇದು ಸರಿಯೆನ್ನುವವರು' ಎಂದಾಗ ಹೌದೆನ್ನುವವರು ಬಾಯಿ ಮುಚ್ಚಿಕೊಂಡು 'ಮ್‌ಮ್' ಎಂದು ನಾದ ಹೊರಡಿಸುತ್ತಾರೆ. ಅಲ್ಲವೆನ್ನುವವರ ಸರದಿ ಆಮೇಲೆ. ಬಾಯಿ ಮುಚ್ಚಿಯೇ ಇರುವುದರಿಂದ ಯಾರು ಯಾವ ಕಡೆಗೆ ಹೂಂಗುಟ್ಟಿದರೆಂದು ಪಕ್ಕದಲ್ಲಿ ಕುಳಿತ ಮೇಲಧಿಕಾರಿಗೆ ಸುಲಭವಾಗಿ ತಿಳಿಯುವುದಿಲ್ಲ. ಅಧ್ಯಕ್ಷನು ಎರಡು ನಾದಗಳ ಗಾತ್ರವನ್ನು ಕಿವಿಯಿಂದಲೇ ತೂಗಿ ನೋಡುತ್ತಾನೆ.

ಇದು ಮಕ್ಕಳಾಟವೆಂದು ನಗುವ ಮೊದಲು ಭೌತಶಾಸ್ತ್ರದ ವಿದ್ಯಾರ್ಥಿಗಳು ಸ್ವಲ್ಪ ಲೆಕ್ಕಹಾಕಿ ನೋಡಬೇಕು. ಎಲ್ಲರೂ ಒಂದೇ ಗಾತ್ರದಲ್ಲಿ, ಒಬ್ಬರಿಗೊಬ್ಬರು ಸಂಬಂಧವಿಲ್ಲದೆ ಹೂಂಗುಟ್ಟುವರೆಂದು ಇಟ್ಟುಕೊಳ್ಳೋಣ. ಆಗ ಶಬ್ದದ ತೀವ್ರತೆ ಜನಸಂಖ್ಯೆಗೆ ಅನುಪಾತದಲ್ಲಿರುತ್ತದೆ. ಆದರೆ ಡೆಸಿಬೆಲ್ಲಿನ ಅಳತೆ ಲಾಗರಿದಮ್ಮಿನದು. ಜನ ಇಮ್ಮಡಿಯಾದರೆ ಸುಮಾರು 3 ಡೆಸಿಬೆಲ್, ಹತ್ತು ಪಟ್ಟಾದರೆ 10 ಡೆಸಿಬೆಲ್ ಏರಿಕೆ. ಈಗ 51 ಮಂದಿ ಒಂದು ಕಡೆಗೂ 49 ಮಂದಿ ಇನ್ನೊಂದು ಕಡೆಗೂ ಇದ್ದರೆ ಎರಡು ನಾದಗಳ ವ್ಯತ್ಯಾಸ ಕೇವಲ 0.17 ಡೆಸಿಬೆಲ್. ಮನುಷ್ಯನ ಕಿವಿ ಗುರುತಿಸಬಲ್ಲ ಅತ್ಯಲ್ಪ ವ್ಯತ್ಯಾಸ ಸುಮಾರು 1 ಡೆಸಿಬೆಲ್. ಆದುದರಿಂದ 51ಕ್ಕೂ 49ಕ್ಕೂ ಇರುವ ಅಂತರ ಅಧ್ಯಕ್ಷನಿಗೆ ಕೇಳಿಸುವುದೇ ಇಲ್ಲ. 60ಕ್ಕೆ 40 ಇದ್ದರೆ ವ್ಯತ್ಯಾಸ 1.8 ಡೆಸಿಬೆಲ್ಲಿನಷ್ಟು, ಅದೂ ಸಂದಿಗ್ಧವೇ. 90ಕ್ಕೆ 10 ಇದ್ದಾಗ ಅದು 9.5 ಡೆಸಿಬೆಲ್, ಅದನ್ನು ಯಾರೂ ತಪ್ಪಿ ತಿಳಿಯುವಂತಿಲ್ಲ. ಹೀಗೆ ಈ ಉಪಕರಣ ಒರಟಾದದ್ದು ನಿಜ. ಆದರೆ ಆ ಒರಟುತನವೇ ಅದರ ಗುಣವೆಂದು ನಾವು ಹೇಳುತ್ತೇವೆ. ಎರಡು ತಲೆಗಳ ಅಂತರದಿಂದ ಗೆದ್ದೆನೆಂದು ಬೀಗುವ ಅವಕಾಶವನ್ನೇ ಅದು ಕೊಡುವುದಿಲ್ಲ. ಅಂತರ ಸಣ್ಣದಾಗಿದ್ದರೆ ಅದು ಹೇಳುವುದು ಒಂದೇ ಮಾತು: ನಿಮ್ಮಲ್ಲಿ ಇನ್ನೂ ಒಮ್ಮತವಾಗಿಲ್ಲ, ಮಾತು ಮುಂದುವರಿಯಲಿ.

ಹೂಂಗುಟ್ಟಿದ್ದೇ ತೀರ್ಮಾನವೆಂದು ವಾಚಕರು ಭಾವಿಸಬಾರದು. ಕಾರ್ಯತಂಡಗಳ ನಡವಳಿಕೆಯನ್ನು ಕುರಿತ 1998ರ ಅವರ ದಸ್ತಾವೇಜಿನಲ್ಲಿ ನೂರಕ್ಕೆ 51 ಒಮ್ಮತವಾಗದೆಂದೂ 99 ಅದಕ್ಕಿಂತ ಮೇಲಾದದ್ದೆಂದೂ ಹೇಳಿ, ನಡುವಿನ ವಿವೇಚನೆಯನ್ನು ಅಧ್ಯಕ್ಷನಿಗೆ ಬಿಟ್ಟಿದೆ. ಸಭೆಯಲ್ಲಿ ಕಂಡುಬಂದ ಒಮ್ಮತವನ್ನು ಸಭೆಗೆ ಬಾರದವರ ಮುಂದೆ ಪತ್ರದ ಮೂಲಕ ಇಟ್ಟು ಖಚಿತಪಡಿಸಿಕೊಳ್ಳಬೇಕು. 2014ರಲ್ಲಿ ಪೀಟ್ ರೆಸ್ನಿಕ್ ಎಂಬವರು ಬರೆದ ಆರ್‌ಎಫ್‌ಸಿ 7282 ಎಂಬ ದಸ್ತಾವೇಜು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಅದರ ಸಾರಾಂಶ ಹೀಗಿದೆ: ಎಷ್ಟು ಜನ ಒಪ್ಪಿದರೆಂಬುದಕ್ಕಿಂತ ಉತ್ತರ ಸಿಗದ ಆಕ್ಷೇಪ ಯಾವುದಾದರೂ ಉಳಿದಿದೆಯೆ ಎಂಬುದು ಮುಖ್ಯ. ನೂರು ಮಂದಿ ಹೌದೆಂದು ಐವರು ಅಲ್ಲವೆಂದಾಗಲೂ, ಆ ಐವರ ಆಕ್ಷೇಪವನ್ನು ಯಾರೂ ಪರಿಶೀಲಿಸಿಲ್ಲವಾದರೆ ಅದು ಒಮ್ಮತವಲ್ಲ. ಐವರು ಮಾತ್ರ ಹೌದೆಂದು ನೂರು ಮಂದಿ ಅಲ್ಲವೆಂದಾಗಲೂ, ಆ ನೂರು ಮಂದಿಯ ಬಾಯಲ್ಲಿರುವುದು ಆಗಲೇ ಉತ್ತರ ಪಡೆದ ಒಂದೇ ಆಕ್ಷೇಪವಾದರೆ ಅದು ಒಮ್ಮತವಾಗಬಹುದು! ಕೇಳುವುದಕ್ಕೆ ವಿಪರೀತವಾಗಿದೆಯಲ್ಲವೆ? ಆದರೆ ಒಳಹೊಕ್ಕು ನೋಡಿದರೆ ಇದರಲ್ಲಿರುವ ನ್ಯಾಯ ಪ್ರಯೋಗಶಾಲೆಯ ನ್ಯಾಯವೇ.

ಅದು ಹೇಗೆಂದರೆ, ಅಳತೆಯಲ್ಲಿ ನಮಗೆ ಎರಡು ಬಗೆಯ ದೋಷಗಳು ಎದುರಾಗುತ್ತವೆ. ಒಂದು ಯಾದೃಚ್ಛಿಕ ದೋಷ. ಅದು ಒಮ್ಮೆ ಮೇಲಕ್ಕೆ, ಒಮ್ಮೆ ಕೆಳಕ್ಕೆ ಎಳೆಯುತ್ತದೆ. ನೂರು ಬಾರಿ ಅಳೆದು ಸರಾಸರಿ ತೆಗೆದರೆ ಹತ್ತನೆಯ ಒಂದು ಪಾಲಿಗೆ ಇಳಿಯುತ್ತದೆ. ಇನ್ನೊಂದು ವ್ಯವಸ್ಥಿತ ದೋಷ. ವರ್ನಿಯರ್ ಕ್ಯಾಲಿಪರ್ಸಿಗೆ ಶೂನ್ಯದೋಷವಿದ್ದರೆ ನೂರು ಬಾರಿಯಲ್ಲ, ಲಕ್ಷ ಬಾರಿ ಅಳೆದರೂ ಉತ್ತರ ತಪ್ಪೇ. ಆ ದೋಷವನ್ನು ಹಿಡಿಯುವುದು ಹೆಚ್ಚಿನ ಅಳತೆಯಲ್ಲ; 'ದವಡೆಗಳನ್ನು ಕೂಡಿಸಿ ಶೂನ್ಯ ನೋಡಿದಿರಾ?' ಎಂದು ಕೇಳುವ ಒಬ್ಬ ವಿದ್ಯಾರ್ಥಿ. ಅಂತರಜಾಲದ ಗುಂಪಿನಲ್ಲಿ ಮೊದಲ ಹತ್ತು ಹೆಬ್ಬೆರಳುಗಳನ್ನು ನೋಡಿದ ಮೇಲೆ ಒತ್ತಿದ ಉಳಿದ ಮೂವತ್ತು ಹೆಬ್ಬೆರಳುಗಳು ಮೂವತ್ತು ಸ್ವತಂತ್ರ ಅಳತೆಗಳಲ್ಲ. ಅವು ಒಂದೇ ಕ್ಯಾಲಿಪರ್ಸಿನಿಂದ ಮತ್ತೆ ಮತ್ತೆ ತೆಗೆದ ಅಳತೆಗಳು. ನಮ್ಮ ಸಂಘದಲ್ಲಿ ಶೂನ್ಯದೋಷವನ್ನು ಬಲ್ಲವಳು ಕಡೇ ಬಸ್ಸಿನ ಹುಡುಗಿ ಒಬ್ಬಳೇ. ಅವಳನ್ನು ಬಿಟ್ಟು ಉಳಿದವರ ಸರಾಸರಿಯನ್ನು ನಾವು ತೆಗೆದೆವು. ಇದೇ ನ್ಯಾಯದಿಂದ ತಿರುಗಿಸಿ ನೋಡಿದರೆ, ಒಬ್ಬನೇ ನೂರು ಸಂದೇಶ ಬರೆದು ಗದ್ದಲವೆಬ್ಬಿಸಿದರೆ ಅದು ನೂರು ಆಕ್ಷೇಪಗಳಾಗುವುದಿಲ್ಲ. ಒಂದೇ ಆಕ್ಷೇಪ ನೂರು ಸಲ ಪ್ರತಿಧ್ವನಿಸಿದಂತಾಗುತ್ತದೆ.

ಈ ವಿಧಾನ ಕಷ್ಟದ ಸಂದರ್ಭದಲ್ಲಿ ಹೇಗೆ ನಡೆಯುವುದೆಂಬುದಕ್ಕೆ ಒಂದು ನಿದರ್ಶನ ಕೊಡಬಹುದು. ಬ್ರೌಸರಿನ ಮೂಲಕವೇ ಮುಖ ನೋಡಿ ಮಾತನಾಡುವ ಸೌಲಭ್ಯವನ್ನು ರೂಪಿಸುವಾಗ, ಚಲಚ್ಚಿತ್ರವನ್ನು ಅಡಕಗೊಳಿಸಲು ಎಲ್ಲರೂ ಕಡ್ಡಾಯವಾಗಿ ಬಳಸಬೇಕಾದ ಸಂಕೇತಕ್ರಮ ಯಾವುದೆಂಬ ಪ್ರಶ್ನೆ ಎದ್ದಿತು. ಎಚ್.264 ಎಂಬುದು ಒಂದು. ವಿಪಿ8 ಎಂಬುದು ಇನ್ನೊಂದು. ಮೊದಲನೆಯದಕ್ಕೆ ಫೋನುಗಳ ಯಂತ್ರಭಾಗದಲ್ಲೇ ಆಧಾರವಿತ್ತು. ಆದರೆ ಪೇಟೆಂಟ್ ಶುಲ್ಕದ ಹೊರೆ ಇತ್ತು. ಎರಡನೆಯದನ್ನು ಗೂಗಲ್ ಕಂಪನಿ ಶುಲ್ಕವಿಲ್ಲದೆ ಕೊಟ್ಟಿತ್ತು. ಆದರೆ ಅದಕ್ಕೆ ಯಂತ್ರಭಾಗದ ಬೆಂಬಲ ಕಡಮೆ. 2013ರ ನವೆಂಬರಿನಲ್ಲಿ ವ್ಯಾಂಕೂವರಿನಲ್ಲಿ ಸಭೆ ಸೇರಿದಾಗ ಎರಡು ಕಡೆಯ ಹೂಂಕಾರವೂ ಬಲವಾಗಿತ್ತು. ತಲೆಯೆಣಿಸಿ ಒಂದನ್ನು ಗೆಲ್ಲಿಸಿದ್ದರೆ ಸೋತ ಕಡೆಯವರು ತಮ್ಮ ಬ್ರೌಸರಿನಲ್ಲಿ ಅದನ್ನು ಅಳವಡಿಸದೆ ಬಿಡುತ್ತಿದ್ದರು. ನಿಯಮ ಕಾಗದದ ಮೇಲೆ ಉಳಿಯುತ್ತಿತ್ತು. ಅಧ್ಯಕ್ಷರು ಒಮ್ಮತವಿಲ್ಲವೆಂದೇ ಹೇಳಿದರು. ಇನ್ನೊಂದು ವರ್ಷ ಚರ್ಚೆ ನಡೆಯಿತು. 2014ರ ನವೆಂಬರಿನಲ್ಲಿ ಹೊನೊಲುಲುವಿನಲ್ಲಿ, ಬ್ರೌಸರುಗಳು ಎರಡು ಕ್ರಮಗಳನ್ನೂ ಅಳವಡಿಸಬೇಕೆಂಬ ಸಂಧಾನ ಮೂಡಿತು. 2016ರಲ್ಲಿ ಅದು ಆರ್‌ಎಫ್‌ಸಿ 7742 ಎಂಬ ದಸ್ತಾವೇಜಾಗಿ ಪ್ರಕಟವಾಯಿತು. ಯಾರಿಗೂ ತಮ್ಮ ಇಷ್ಟ ಪೂರ್ತಿ ನೆರವೇರಲಿಲ್ಲ. ಆದರೆ ಎಲ್ಲರೂ ಅದರೊಡನೆ ಬಾಳಬಲ್ಲವರಾದರು. ಒಮ್ಮತವೆಂದರೆ ಎಲ್ಲರಿಗೂ ಮೆಚ್ಚುಗೆಯಾದದ್ದು ಎಂದಲ್ಲ. ಯಾರ ಆಕ್ಷೇಪವನ್ನೂ ಕೇಳದೆ ತಳ್ಳಿಹಾಕದೆ ಇದ್ದುದು ಎಂದು ಅರ್ಥ.

ಇದಕ್ಕೆ ಪ್ರತಿಯಾದ ಇನ್ನೊಂದು ನಿದರ್ಶನ ನಮ್ಮ ಖಗೋಳವಿಜ್ಞಾನದಲ್ಲಿದೆ. 2006ರ ಆಗಸ್ಟ್ 24ರಂದು ಪ್ರಾಗ್ ನಗರದಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ಪ್ಲೂಟೋವನ್ನು ಗ್ರಹಗಳ ಸಾಲಿನಿಂದ ತೆಗೆದು ಕುಬ್ಜಗ್ರಹವೆಂದು ವರ್ಗೀಕರಿಸಿತು. ಒಂದು ವಾರದ ಹಿಂದೆ ಸಭೆಯ ಮುಂದಿದ್ದ ಕರಡು ಇದಕ್ಕೆ ಪೂರ್ತಿ ಭಿನ್ನವಾಗಿತ್ತು. ಅದರಂತೆ ಗ್ರಹಗಳು ಹನ್ನೆರಡಾಗುತ್ತಿದ್ದುವು. ಆಗ ಒಕ್ಕೂಟಕ್ಕೆ ಒಂಬತ್ತು ಸಾವಿರಕ್ಕೂ ಹೆಚ್ಚು ಸದಸ್ಯರಿದ್ದರು. ಕೊನೆಯ ದಿನ ಸಭಾಂಗಣದಲ್ಲಿದ್ದು ಮತ ನೀಡಿದವರು 424 ಮಂದಿ. ಪ್ಲೂಟೋವನ್ನು ಬೇರೆ ವರ್ಗಕ್ಕೆ ಸೇರಿಸಿದ್ದು ಸರಿಯೋ ತಪ್ಪೋ ಎಂಬ ವಾದವನ್ನು ನಾವು ಇಲ್ಲಿ ಎತ್ತುವುದಿಲ್ಲ. ಸರಿಯೆನ್ನುವುದಕ್ಕೆ ಬಲವಾದ ಕಾರಣಗಳುಂಟು. ನಾವು ಹೇಳುವುದು ಇಷ್ಟೆ: ಗೆದ್ದ ತೀರ್ಮಾನಕ್ಕೂ ನೆಲೆನಿಂತ ಒಮ್ಮತಕ್ಕೂ ಇರುವ ಅಂತರ ಅಂದು ಸ್ಪಷ್ಟವಾಯಿತು. ಆ ವ್ಯಾಖ್ಯೆಯನ್ನು ಬಳಸಲೊಲ್ಲೆವೆಂದು ಮುನ್ನೂರು ಮಂದಿ ವಿಜ್ಞಾನಿಗಳು ಕೂಡಲೆ ಸಹಿಹಾಕಿದರು. ಆ ಜಗಳ ಇಂದಿಗೂ ಮುಗಿದಿಲ್ಲ.

ಒಕ್ಕೂಟವೂ ಪಾಠ ಕಲಿಯಿತೆನ್ನಬೇಕು. 2018ರಲ್ಲಿ ವಿಶ್ವ ಹಿಗ್ಗುತ್ತಿರುವ ನಿಯಮಕ್ಕೆ ಹಬಲ್–ಲಮೈತ್ರ್ ನಿಯಮವೆಂಬ ಹೆಸರು ಸೂಚಿತವಾದಾಗ ಎಲ್ಲ ಸದಸ್ಯರಿಗೂ ಅಂತರಜಾಲದ ಮೂಲಕ ಮತ ಕೊಡುವ ಅವಕಾಶವಿತ್ತು; 4,060 ಮಂದಿ ಮತ ನೀಡಿದರು; ನೂರಕ್ಕೆ 78 ಮಂದಿ ಒಪ್ಪಿದರು. ಬಾಗಿಲು ವಿಶಾಲವಾಯಿತು ನಿಜ. ಆದರೆ ಬಾಗಿಲನ್ನು ಹಿಗ್ಗಿಸಿದ ಮಾತ್ರಕ್ಕೆ ಒಳಗಿನ ಮಾತುಕತೆ ಮುಗಿದಂತಾಗುವುದಿಲ್ಲ. ಒಪ್ಪದವರ ಕಾರಣಗಳೇನು, ಅವಕ್ಕೆ ದೊರೆತ ಉತ್ತರವೇನು ಎಂಬುದನ್ನು ಮತಪೆಟ್ಟಿಗೆ ಎಂದಿಗೂ ಹೇಳಲಾರದು.

ಒಮ್ಮತವನ್ನು ಗುರುತಿಸುವುದರಲ್ಲಿ ವಿಜ್ಞಾನಿಗಳು ಮೇಲ್ಪಂಕ್ತಿ ಹಾಕಿಕೊಟ್ಟಿರುವುದು ಕಿಲೋಗ್ರಾಮಿನ ವಿಷಯದಲ್ಲಿ. 1889ರಿಂದ ಕಿಲೋಗ್ರಾಮ್ ಎಂದರೆ ಪ್ಯಾರಿಸಿನ ಬಳಿ ಸೆವ್ರ್‌ನಲ್ಲಿ ಗಾಜಿನ ಗಂಟೆಗಳ ಕೆಳಗೆ ಇಟ್ಟಿದ್ದ ಪ್ಲಾಟಿನಮ್–ಇರಿಡಿಯಮ್ ಲೋಹದ ಒಂದು ಗುಂಡು. ಅದರ ಪ್ರತಿಗಳಲ್ಲಿ 57ನೆಯದು ನಮ್ಮ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದಲ್ಲಿದೆ. ಮೂಲದ ಗುಂಡಿಗೂ ಅದರ ಹಲವು ಪ್ರತಿಗಳಿಗೂ ನೂರು ವರ್ಷಗಳಲ್ಲಿ ಸುಮಾರು 50 ಮೈಕ್ರೋಗ್ರಾಮುಗಳಷ್ಟು ವ್ಯತ್ಯಾಸ ಬೆಳೆದುದು ಕಂಡುಬಂದಿತು. ಲೋಹದ ಗುಂಡನ್ನು ಬಿಟ್ಟು ಪ್ಲಾಂಕನ ಸ್ಥಿರಾಂಕದ ಮೇಲೆ ಕಿಲೋಗ್ರಾಮನ್ನು ನಿಲ್ಲಿಸಬೇಕೆಂಬ ಸೂಚನೆ ಬಂದಾಗ, ಅದನ್ನು ಒಪ್ಪಿದ ವಿಜ್ಞಾನಿಗಳು ಬಹುಮಂದಿ ಇದ್ದರು. ಆದರೂ ಅವರು ಅವಸರದಿಂದ ಕೈಯೆತ್ತಲಿಲ್ಲ. ಯಾವಾಗ ಬದಲಾಯಿಸಬಹುದೆಂಬ ಷರತ್ತುಗಳನ್ನು ಮುಂಚಿತವಾಗಿಯೇ ಬರೆದಿಟ್ಟರು: ಕನಿಷ್ಠಪಕ್ಷ ಮೂರು ಸ್ವತಂತ್ರ ಪ್ರಯೋಗಗಳು ಹತ್ತು ಕೋಟಿಯಲ್ಲಿ 5 ಭಾಗವನ್ನು ಮೀರದ ಅನಿಶ್ಚಿತತೆಯೊಡನೆ ಪರಸ್ಪರ ಹೊಂದಬೇಕು, ಅವುಗಳಲ್ಲಿ ಒಂದರ ಅನಿಶ್ಚಿತತೆಯಾದರೂ ಹತ್ತು ಕೋಟಿಯಲ್ಲಿ 2 ಭಾಗವನ್ನು ಮೀರಬಾರದು. ಒಂದು ಪ್ರಯೋಗ ವಿದ್ಯುತ್ತಿನ ತಕ್ಕಡಿಯಿಂದ ನಡೆದರೆ ಇನ್ನೊಂದು ಸಿಲಿಕಾನ್ ಗೋಲದ ಪರಮಾಣುಗಳನ್ನು ಎಣಿಸುವ ದಾರಿಯಿಂದ ನಡೆಯಬೇಕು. ಒಂದೇ ದೋಷ ಎರಡರಲ್ಲೂ ನುಸುಳದಿರಲೆಂಬುದು ಇದರ ಉದ್ದೇಶ. 2011ರಲ್ಲಿ ಪ್ರಯೋಗಗಳು ಪರಸ್ಪರ ಹೊಂದಲಿಲ್ಲ, ಕಾದರು. 2014ರಲ್ಲಿಯೂ ಫಲಿತಾಂಶಗಳು ಸಾಕಷ್ಟು ದೃಢವಾಗಿಲ್ಲವೆಂದು ಮತ್ತೆ ಕಾದರು. 2018ರ ನವೆಂಬರ್ 16ರಂದು ವರ್ಸೇಲ್ಸಿನಲ್ಲಿ ರಾಷ್ಟ್ರಗಳ ಪ್ರತಿನಿಧಿಗಳು ಮತ ನೀಡಿದಾಗ ವಿರೋಧವೇ ಇರಲಿಲ್ಲ. ಏಕೆಂದರೆ ವಿರೋಧಕ್ಕೆ ಉತ್ತರ ಕೊಡುವ ಕೆಲಸವೆಲ್ಲ ಆಗಲೇ ಮುಗಿದಿತ್ತು. 2019ರ ಮೇ 20ರಿಂದ ಹೊಸ ವ್ಯಾಖ್ಯೆ ಜಾರಿಗೆ ಬಂದಿತು.

ಇಷ್ಟಾದ ಮೇಲೂ ಅವರು ಪುಸ್ತಕವನ್ನು ಮುಚ್ಚಲಿಲ್ಲ. ಹೊಸ ವ್ಯಾಖ್ಯೆಯಂತೆ ಬೇರೆ ಬೇರೆ ಪ್ರಯೋಗಾಲಯಗಳು ಕಿಲೋಗ್ರಾಮನ್ನು ಸಾಧಿಸಿ ಹೋಲಿಸಿದಾಗ ಅವುಗಳಲ್ಲಿ ಸೂಕ್ಷ್ಮ ಭೇದಗಳು ಉಳಿದಿದ್ದುವು. ಆದಕಾರಣ ಆ ಫಲಿತಾಂಶಗಳನ್ನು ಕೂಡಿಸಿ ಪಡೆದ 'ಸಹಮತದ ಮೌಲ್ಯ' ಎಂಬುದನ್ನು 2021ರ ಫೆಬ್ರುವರಿ 1ರಿಂದ ಬಳಕೆಗೆ ತಂದರು. ಹೊಸ ಹೋಲಿಕೆಗಳು ನಡೆದ ಮೇಲೆ 2023ರಲ್ಲಿ ಅದನ್ನು ತಿದ್ದಿದರು. ಒಮ್ಮತವೆಂಬುದು ಕಲ್ಲಿನ ಮೇಲೆ ಕೆತ್ತಿದ ಶಾಸನವಲ್ಲ, ಹೊಸ ಸಾಕ್ಷ್ಯ ಬಂದಾಗ ತಿದ್ದಿಕೊಳ್ಳತಕ್ಕ ಲೆಕ್ಕವೆಂಬುದಕ್ಕೆ ಇದಕ್ಕಿಂತ ಉತ್ತಮ ದೃಷ್ಟಾಂತ ಬೇಕಿಲ್ಲ.

ನಮ್ಮ ಮಾತಿಗೆ ಆಕ್ಷೇಪಗಳು ಬಾರದಿರವು. ಇಷ್ಟೆಲ್ಲ ಕಾಯುತ್ತ ಕುಳಿತರೆ ಯಾವ ಕೆಲಸವೂ ಆಗದೆಂದು ಕೆಲವರು ಹೇಳುವರು. ಇದರಲ್ಲಿ ಸತ್ಯಾಂಶವಿದೆ. ತಿಂಡಿಗೆ ಇಡ್ಲಿಯೋ ಉಪ್ಪಿಟ್ಟೋ ಎಂಬುದಕ್ಕೆ ಕೈಯೆತ್ತಿಸಿದರೆ ಸಾಕು. ತಪ್ಪಿದರೆ ಸುಲಭವಾಗಿ ಸರಿಪಡಿಸಬಹುದಾದುದನ್ನು ಬೇಗ ತೀರ್ಮಾನಿಸಬೇಕು. ಸರಿಪಡಿಸಲು ಕಷ್ಟವಾದುದನ್ನು ತಡೆದು ತೀರ್ಮಾನಿಸಬೇಕು. ಒಬ್ಬ ಹಟಮಾರಿ ಎಲ್ಲರನ್ನೂ ತಡೆದು ನಿಲ್ಲಿಸಬಹುದಲ್ಲವೆ ಎಂಬುದು ಎರಡನೆಯ ಆಕ್ಷೇಪ. ಇಲ್ಲ, ಆಕ್ಷೇಪಕ್ಕೆ ಸಲ್ಲಬೇಕಾದದ್ದು ಉತ್ತರ, ಶರಣಾಗತಿಯಲ್ಲ. ಸಕಾರಣವಾದ ಉತ್ತರ ಕೊಟ್ಟ ಮೇಲೂ ಅದೇ ಮಾತನ್ನು ತಿರುಗಿ ತಿರುಗಿ ಹೇಳುವವನನ್ನು ದಾಟಿಕೊಂಡು ಮುಂದೆ ಹೋಗಬಹುದು. ಸ್ಥೂಲ ಒಮ್ಮತದಲ್ಲಿ 'ಸ್ಥೂಲ' ಎಂಬ ಶಬ್ದ ಇರುವುದೇ ಅದಕ್ಕಾಗಿ. ಹಾಗಾದರೆ ಉತ್ತರ ಸಾಕಾಯಿತೆಂದು ತೀರ್ಮಾನಿಸುವ ಅಧ್ಯಕ್ಷನೇ ಅರಸನಾಗಲಿಲ್ಲವೆ ಎಂಬುದು ಮೂರನೆಯ ಆಕ್ಷೇಪ. ಇದು ನಿಜವಾಗಿಯೂ ತೂಕವುಳ್ಳದ್ದು. ಇದಕ್ಕೆ ಐಇಟಿಎಫ್ ಇಟ್ಟಿರುವ ಕಟ್ಟು ಮೇಲ್ಮನವಿಯದು. ಅಧ್ಯಕ್ಷನ ತೀರ್ಮಾನ ತಪ್ಪೆನಿಸಿದವನು ಕ್ಷೇತ್ರನಿರ್ದೇಶಕನ ಬಳಿಗೂ ಅಲ್ಲಿಂದ ಮೇಲಿನ ಮಂಡಲಿಗಳಿಗೂ ಹೋಗಬಹುದು. ಹಾಗೆ ಹೋಗಬೇಕಾದರೆ ಅಧ್ಯಕ್ಷನು ತನ್ನ ಕಾರಣಗಳನ್ನು ಬಹಿರಂಗವಾಗಿ ಬರೆದಿಟ್ಟಿರಬೇಕು. ಕಾರಣ ಬರೆಯದ ಅಧ್ಯಕ್ಷನು, ವೀಕ್ಷಣೆಗಳನ್ನು ಬರೆಯದೆ ಫಲಿತಾಂಶವನ್ನು ಮಾತ್ರ ಬರೆದ ವಿದ್ಯಾರ್ಥಿಯಂತೆ. ಪ್ರಾಯೋಗಿಕ ಪರೀಕ್ಷೆಯಲ್ಲಿ ಅಂಥವನಿಗೆ ನಾವು ಅಂಕ ಕೊಡುವುದಿಲ್ಲ.

ಆದುದರಿಂದ ನಮ್ಮ ಅಭಿಪ್ರಾಯವನ್ನು ಹೀಗೆ ಸಂಗ್ರಹಿಸಬಹುದು. ಬದಲಾವಣೆಯ ಸೂಚನೆ ಬಂದಾಗ ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಸ್ಪಷ್ಟವಾಗಿ ಬರೆಯಬೇಕು. ಯಾವ ಷರತ್ತು ಪೂರೈಸಿದರೆ ಒಮ್ಮತವೆಂದು ತಿಳಿಯುವೆವೆಂಬುದನ್ನು ಚರ್ಚೆಗೆ ಮುಂಚೆಯೇ ಹೇಳಬೇಕು. ಫಲಿತಾಂಶ ಕಂಡಮೇಲೆ ಗೆರೆ ಎಳೆಯುವುದು ಪ್ರಾಮಾಣಿಕ ಪ್ರಯೋಗವಲ್ಲ. ಸುದ್ದಿ ತಡವಾಗಿ ಮುಟ್ಟುವವನಿಗೂ ಮುಟ್ಟಿ, ಅವನು ಯೋಚಿಸಿ ಉತ್ತರಿಸುವಷ್ಟು ಕಾಲ ಬಿಡಬೇಕು. ತಲೆಗಳನ್ನು ಎಣಿಸುವುದಕ್ಕೆ ಬದಲಾಗಿ ಆಕ್ಷೇಪಗಳ ಪಟ್ಟಿ ಮಾಡಿ, ಒಂದೊಂದರ ಎದುರಿಗೂ ಅದಕ್ಕೆ ಕೊಟ್ಟ ಉತ್ತರವನ್ನು ಬರೆಯಬೇಕು. ಉತ್ತರವಿಲ್ಲದ ಸಾಲು ಒಂದು ಉಳಿದಿದ್ದರೂ ಒಮ್ಮತವಾಗಿಲ್ಲವೆಂದೇ ತಿಳಿಯಬೇಕು. ತೀರ್ಮಾನವನ್ನು ಕಾರಣಸಹಿತವಾಗಿ ಪ್ರಕಟಿಸಿ, ಮರುಪರಿಶೀಲನೆಯ ಬಾಗಿಲನ್ನು ತೆರೆದಿಡಬೇಕು.

'ಯಾರು ಯಾರು ಒಪ್ಪುತ್ತೀರಿ?' ಎಂಬ ಪ್ರಶ್ನೆಗೆ ಹೆಬ್ಬೆರಳು ಸಾಕು. 'ಇದರಿಂದ ಯಾರಿಗೆ ಏನು ತೊಂದರೆ?' ಎಂಬ ಪ್ರಶ್ನೆಗೆ ಬಾಯಿ ಬೇಕು, ಕೇಳುವ ಕಿವಿ ಬೇಕು. ನಾವು ಅಂದು ಕೇಳಿದ್ದು ಮೊದಲನೆಯ ಪ್ರಶ್ನೆಯನ್ನು. ಎರಡು ತಿಂಗಳು ತಡವಾಗಿ ಎರಡನೆಯದನ್ನು ಕೇಳಿದಾಗ ಬಂದ ಉತ್ತರಗಳು ಒಂದು ಹಾಳೆಯನ್ನೂ ತುಂಬಲಿಲ್ಲ. ಬಸ್ಸು, ಮನೆಪಾಠ, ಮನೆಗೆಲಸ, ಇಷ್ಟೆ. ಶನಿವಾರವೇ ಬೇಕೆಂದವರೂ ಆ ಹಾಳೆಯನ್ನು ಓದಿ ಮಧ್ಯಾಹ್ನ 2 ಗಂಟೆಯೆಂದರೆ ನಮಗೂ ಆದೀತೆಂದರು. ಈಗ ಸಂಘ ಶನಿವಾರ 2 ಗಂಟೆಗೆ ಸೇರುತ್ತದೆ. ಕನ್ನಡಿ ಉಜ್ಜಿದ ಹುಡುಗಿ ಮತ್ತೆ ಬರುತ್ತಿದ್ದಾಳೆ. ಜೊತೆಯಲ್ಲಿ ಬಿಟ್ಟವರಲ್ಲಿ ಇನ್ನಿಬ್ಬರು ಮಾತ್ರ ಬಂದಿಲ್ಲ. ಅವರನ್ನು ಕಂಡು ಮಾತನಾಡುವ ಕೆಲಸ ನಮಗಿನ್ನೂ ಉಳಿದಿದೆ.